ಎಲ್ಲರಿಗೂ ಕಾಣುವಂತೆ ಹಾಕಿದ ಅರ್ಜಿ

ನಾನು ಕೆಲಸ ಮಾಡುತ್ತಿದ್ದ ಕಚೇರಿ ಯಾವ ಊರಿನದು ಎಂದು ಹೇಳುವುದಿಲ್ಲ. ಹೊಸಪೇಟೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ, ಅಷ್ಟು ತಿಳಿದರೆ ಸಾಕು. ಲಾರಿ ಸಾಲು ಸಿಕ್ಕಿಕೊಂಡರೆ ಎರಡು ತಾಸೂ ಆಗುತ್ತಿತ್ತು. ಅದು ಅದಿರಿನ ಕಾಲ. ಸಂಡೂರಿನ ಗುಡ್ಡಗಳಿಂದ ಇಳಿದು ಬಂದ ಲಾರಿಗಳು ಒಂದರ ಹಿಂದೆ ಒಂದು ಒತ್ತಿಕೊಂಡು ನಿಂತಿರುತ್ತಿದ್ದವು. ಬೆಳಿಗ್ಗೆ ಬಿಳಿ ವೇಲು ಹೊದ್ದು ಹೋದರೆ ಸಂಜೆಗೆ ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತಿತ್ತು. ತಲೆ ತೊಳೆದ ನೀರು ಬಚ್ಚಲಲ್ಲಿ ಕೆಂಪಗೆ ಹರಿಯುವುದನ್ನು ನೋಡಿ ಮೊದಮೊದಲು ಹೆದರಿದ್ದೆ. ಆಮೇಲೆ ರೂಢಿಯಾಯಿತು.

ನನಗೆ ಆಗ ಇಪ್ಪತ್ನಾಲ್ಕು ವರ್ಷ. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ಗುತ್ತಿಗೆ ಮೇಲೆ ಡಾಟಾ ಎಂಟ್ರಿ ಕೆಲಸಕ್ಕೆ ಸೇರಿದ್ದೆ. ಕಚೇರಿಯಲ್ಲಿ ಒಟ್ಟು ಎರಡು ಕಂಪ್ಯೂಟರು. ಒಂದರ ಮೇಲೆ ಸದಾ ಹೂವಿನ ಚಿತ್ತಾರದ ಬಟ್ಟೆ ಮುಚ್ಚಿರುತ್ತಿತ್ತು, ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಇನ್ನೊಂದು ನನ್ನದು. ಅದರ ಕೀಲಿಮಣೆಯ ಸಂದಿಯಲ್ಲಿ ಕೂತ ಅದಿರಿನ ಪುಡಿಯನ್ನು ದಿನಾ ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದೇ ಕೆಲಸ ಶುರುಮಾಡಬೇಕಿತ್ತು.

ಸೇರಿದ ವರ್ಷವೇ ನಮ್ಮ ಕಚೇರಿಗೆ ಒಂದು ವೆಬ್‌ಸೈಟು ಬಂತು. ಜನ ಕೊಟ್ಟ ಅರ್ಜಿಗಳೆಲ್ಲ ಅದರಲ್ಲಿ ಇರಬೇಕು, ಯಾವ ಅರ್ಜಿ ಎಲ್ಲಿಗೆ ಬಂತು ಎಂದು ಯಾರು ಬೇಕಾದರೂ ನೋಡುವಂತಿರಬೇಕು ಎಂದು ನಮ್ಮ ಮುಖ್ಯಾಧಿಕಾರಿಗಳು ಮೀಟಿಂಗಿನಲ್ಲಿ ಹೇಳಿದರು. ಅವರು ಮೈಸೂರು ಕಡೆಯವರು, ಚುರುಕು ಮನುಷ್ಯ. ಕೆಟ್ಟವರೇನಲ್ಲ. ಮುಖಪುಟಕ್ಕೆ ಹಂಪಿಯ ಗೋಪುರದ ಚಿತ್ರ ಹಾಕಿಸಿದರು. ಹಂಪಿ ನಮ್ಮ ಕಚೇರಿಗೆ ಸೇರಿದ್ದಲ್ಲ ಸರ್ ಎಂದರೆ, "ನೋಡೋರಿಗೆ ಚೆನ್ನಾಗಿ ಕಾಣತ್ತೆ, ಹಾಕಮ್ಮ" ಎಂದರು.

ಅರ್ಜಿಯ ನಮೂನೆಯನ್ನು ತಯಾರಿಸಿದವಳು ನಾನೇ. ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಮನೆ ನಂಬರು, ಓಣಿ, ಫೋನು, ಕುಟುಂಬದಲ್ಲಿ ಯಾರ್ಯಾರಿದ್ದಾರೆ, ದೂರಿನ ವಿವರ. ಕುಟುಂಬದ ಕಾಲಂ ಹಾಕು ಎಂದು ಯಾರೂ ಹೇಳಿರಲಿಲ್ಲ. ಹಾಳೆಯಲ್ಲಿ ಜಾಗ ಉಳಿದಿತ್ತು. ರೇಷನ್ ಕಾರ್ಡಿನ ಅರ್ಜಿಯಲ್ಲಿ ಅಂಥದೊಂದು ಕಾಲಂ ನೋಡಿದ ನೆನಪಿತ್ತು. ಹಾಕಿದೆ. ಜನ ತುಂಬಿಕೊಟ್ಟದ್ದನ್ನು ಒಂದಕ್ಷರ ಬಿಡದೆ ಹಾಗೇ ಟೈಪು ಮಾಡಿ ಏರಿಸಬೇಕು ಎಂಬುದು ನಿಯಮ. ಆ ನಿಯಮವನ್ನು ಯಾರು ಮಾಡಿದರೋ ಗೊತ್ತಿಲ್ಲ, ಪಾಲಿಸಿದವಳಂತೂ ನಾನು.

ಮೊದಲ ಕೆಲವು ತಿಂಗಳು ಒಂದು ತೊಂದರೆ ಇತ್ತು. ನಮ್ಮ ಕಂಪ್ಯೂಟರಿನಲ್ಲಿ ಮುದ್ದಾಗಿ ಕಾಣುತ್ತಿದ್ದ ಕನ್ನಡ, ಬೇರೆ ಕಡೆ ತೆರೆದರೆ ಚುಕ್ಕಿ, ಗೆರೆ, ಪ್ರಶ್ನೆಯ ಗುರುತುಗಳ ರಾಶಿಯಾಗಿ ಕಾಣುತ್ತಿತ್ತು. ಯಾರಿಗೂ ಓದಲು ಬರುತ್ತಿರಲಿಲ್ಲ. ಮುಖ್ಯಾಧಿಕಾರಿಗಳಿಗೆ ಇದರಿಂದ ಭಾರೀ ಅವಮಾನವಾಗುತ್ತಿತ್ತು. ನಾನು ಹೊಸಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಇದ್ದ ಇಂಟರ್ನೆಟ್ ಸೆಂಟರಿಗೆ ಭಾನುವಾರಗಳಂದು ಹೋಗಿ ಕೂತು, ಅದರ ಮಾಲೀಕನಿಂದ ಹೊಸ ವಿಧಾನ ಕಲಿತುಕೊಂಡೆ. ಹಾಗೆ ಹೊಡೆದರೆ ಕನ್ನಡ ಯಾವ ಕಂಪ್ಯೂಟರಿನಲ್ಲಿಯೂ ಕನ್ನಡವಾಗಿಯೇ ಕಾಣುತ್ತದೆ, ಊರಿನ ಹೆಸರು ಹಾಕಿ ಹುಡುಕಿದರೂ ಸಿಗುತ್ತದೆ. ಹಳೆಯ ಅರ್ಜಿಗಳನ್ನೆಲ್ಲ ಮೊದಲಿನಿಂದ ಮತ್ತೆ ಟೈಪು ಮಾಡಿದೆ. ಯಾರೂ ಮಾಡು ಎಂದಿರಲಿಲ್ಲ. ಕೊನೆಗೊಂದು ಭಾನುವಾರ ಆ ಸೆಂಟರಿನ ಪರದೆಯ ಮೇಲೆ ನಮ್ಮ ಪುಟ ತೆರೆದು, ನಾನು ಕೂರಿಸಿದ ಅಕ್ಷರಗಳು ಒಂದೊಂದೂ ಸ್ಪಷ್ಟವಾಗಿ ಮೂಡಿದ್ದನ್ನು ಕಂಡಾಗ ಕಣ್ಣಲ್ಲಿ ನೀರು ಬಂತು. ಮರುದಿನ ಮುಖ್ಯಾಧಿಕಾರಿಗಳು ಎಲ್ಲರೆದುರು ನನ್ನನ್ನು ನಿಲ್ಲಿಸಿ ಚಪ್ಪಾಳೆ ಹೊಡೆಸಿದರು.

ಆ ಹೆಂಗಸು ಬಂದದ್ದು ಅದಾದ ಎರಡು ಮೂರು ವಾರಕ್ಕೆ. ನಲವತ್ತೈದರ ಆಸುಪಾಸು. ಸರಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವ ಕೆಲಸ. ಸೀರೆಯ ಸೆರಗಿಗೆ ಒಗ್ಗರಣೆಯ ವಾಸನೆ ಹತ್ತಿತ್ತು. ಬಾಗಿಲ ಹತ್ತಿರವೇ ನಿಂತಿದ್ದಳು.

"ಬರ್ರಿ ಅಕ್ಕಾರ, ಕುಂದ್ರಿ" ಎಂದೆ.

"ಬರ್ಯಾಕ ಬರಂಗಿಲ್ಲ ತಂಗಿ ನನಗ. ಸಹಿ ಒಂದು ಕಲ್ತೀನಿ. ನೀನ ಬರ್ಕೊ" ಎಂದು ಕುರ್ಚಿಯ ತುದಿಗೆ ಕೂತಳು.

ಅವಳ ಮನೆಯ ಹಿಂದಿನ ಬಯಲಿನಲ್ಲಿ ಯಾರೋ ಅದಿರಿನ ಯಾರ್ಡು ಮಾಡಿದ್ದರು. ಮನೆಯ ಮಾಡಿಗಿಂತ ಎತ್ತರದ ರಾಶಿ. ಗಾಳಿ ಬಿಟ್ಟರೆ ನೀರಿನ ಕೊಡ, ಹಾಸಿಗೆ, ಅನ್ನ ಎಲ್ಲದರ ಮೇಲೂ ಕೆಂಪು ಪುಡಿ. ರಾಶಿಯನ್ನು ಅಲ್ಲಿಂದ ತೆಗೆಸಬೇಕು, ಅದು ಆಗದಿದ್ದರೆ ತಾಡಪಾಲಾದರೂ ಹೊದಿಸಬೇಕು ಎನ್ನುವುದು ಅವಳ ಅರ್ಜಿ. ಓಣಿಯವರೆಲ್ಲ ಮನೆಯೊಳಗೆ ಬೈಯುತ್ತಿದ್ದರು, ಬರೆದುಕೊಡಲು ಮಾತ್ರ ಯಾರೂ ಬಂದಿರಲಿಲ್ಲ.

"ಓಣಿಗೆಲ್ಲ ಇರೋ ತ್ರಾಸು ಇದು. ನಿಮಗ ಬ್ಯಾರೆ ಏನರ ತೊಂದ್ರಿ ಐತೇನು?" ಎಂದು ಕೇಳಿದೆ. ಅರ್ಜಿ ಗಟ್ಟಿಯಾಗಲಿ, ಸಾಹೇಬರು ಓದಿದ ಕೂಡಲೇ ಮನಸ್ಸಿಗೆ ನಾಟಲಿ ಎಂಬ ಆಸೆ ನನಗೆ.

ಅವಳು ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದಳು. "ಮಗಳಿಗೆ ಟಿಬಿ ಐತಿ ತಂಗಿ. ಹತ್ತೊಂಬತ್ತು ಅಕಿಗೆ. ದವಾಖಾನಿ ಗುಳಿಗಿ ನಡದಾವ. ಧೂಳಿನಾಗ ಇಡಬ್ಯಾಡ ಅಂದಾರ ಡಾಕ್ಟ್ರು. ಎಲ್ಲಿ ಒಯ್ದು ಇಡ್ಲಿ? ನಾ ಎಂಟಕ್ಕ ಸಾಲಿಗೆ ಹೋದ್ರ ನಾಕಕ್ಕ ಬರ್ತೀನಿ. ಅಲ್ಲಿತನಕ ಅಕಿ ಒಬ್ಬಾಕೆ ಇರ್ತಾಳ. ಕೆಮ್ಮಿ ಕೆಮ್ಮಿ ಸುಸ್ತಾಗಿ ಬಿದ್ದಿರ್ತಾಳ. ಓಣ್ಯಾಗ ಯಾರಿಗೂ ಹೇಳಿಲ್ಲ ನಾವು."

"ಬರೀಲೇನ್ರಿ ಇದನ್ನ?"

"ಬರಿ. ಎಲ್ಲಾ ಬರಿ. ಸಾಹೇಬ್ರಿಗೆ ತಿಳೀಲಿ."

ಸಾಹೇಬರಿಗೆ ತಿಳಿಯಲಿ ಎಂದು ಅವಳು ಅಂದದ್ದು. ಊರಿಗೆ ತಿಳಿಯಲಿ ಎಂದು ಅಂದಿರಲಿಲ್ಲ. ಆ ವ್ಯತ್ಯಾಸ ನನ್ನ ತಲೆಗೆ ಹೊಳೆಯಲೇ ಇಲ್ಲ. ಎಲ್ಲ ಬರೆದೆ. ಮಗಳ ವಯಸ್ಸು, ಕಾಯಿಲೆ, ಅವಳು ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಒಬ್ಬಳೇ ಇರುತ್ತಾಳೆ ಎನ್ನುವುದು, ಮನೆ ನಂಬರು, ಪಕ್ಕದ ಮನೆಯ ಫೋನ್ ನಂಬರು. ಅವಳು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿ, ಕೈ ಮುಗಿದು ಹೋದಳು. ಮಧ್ಯಾಹ್ನ ಊಟವಾದ ಮೇಲೆ ಅಷ್ಟನ್ನೂ ಟೈಪು ಮಾಡಿ ಏರಿಸಿದೆ. ಒಂದು ಅಕ್ಷರವೂ ತಪ್ಪಿರಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಆಕೆ ಮತ್ತೆ ಬಂದಳು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ನೇರ ನನ್ನ ಮೇಜಿಗೆ ಬಂದು, ನಾಲ್ಕು ಮಡಿಕೆ ಮಾಡಿದ ಒಂದು ಹಾಳೆಯನ್ನು ಬಿಡಿಸಿ ಕೀಲಿಮಣೆಯ ಮೇಲೆ ಇಟ್ಟಳು. ನಮ್ಮ ವೆಬ್‌ಸೈಟಿನ ಪುಟ. ಮೇಲೆ ಹಂಪಿಯ ಗೋಪುರ, ಕೆಳಗೆ ನಾನು ಬರೆದ ಮಾತುಗಳು.

"ಇದು ನಿನಗ ಹೇಳಿದ್ದಲ್ಲೇನು? ನಿನ್ನ ಬಿಟ್ಟು ಯಾರ ಮುಂದೂ ಆಡಿಲ್ಲ ನಾನು. ಅವರ ಕೈಯಾಗ ಹೆಂಗ ಬಂತು?"

ನಡೆದದ್ದನ್ನು ಅವಳು ನಿಂತೇ ಹೇಳಿದಳು. ಹಿಂದಿನ ದಿನ ಹನ್ನೊಂದು ಗಂಟೆಗೆ ಇಬ್ಬರು ಗಂಡಸರು ಬೈಕಿನಲ್ಲಿ ಮನೆಗೆ ಬಂದಿದ್ದಾರೆ. ಯಾರ್ಡಿನ ಕಡೆಯವರು. ಮಗಳು ಒಬ್ಬಳೇ ಇದ್ದಾಳೆ. ಕುಡಿಯಲು ನೀರು ಕೇಳಿದ್ದಾರೆ, ಕೊಟ್ಟಿದ್ದಾಳೆ. ಅವರು ನೀರು ಕುಡಿಯದೆ ಚರಿಗೆಯನ್ನು ಪಕ್ಕಕ್ಕಿಟ್ಟು, ಕಟ್ಟೆಯ ಮೇಲೆ ಕೂತು, ಜೇಬಿನಿಂದ ಈ ಹಾಳೆ ತೆಗೆದು ಓಣಿಗೆಲ್ಲ ಕೇಳುವ ಹಾಗೆ ಓದಿದ್ದಾರೆ. ಹೆಸರಿನಿಂದ ಹಿಡಿದು ಕೊನೆಯವರೆಗೆ. ಕಾಯಿಲೆಯ ಹೆಸರು ಬಂದಲ್ಲಿ ಎರಡೆರಡು ಸಲ.

"'ಎಂಟರಿಂದ ನಾಕರತನಕ ಮಗಳು ಒಬ್ಬಾಕೆ ಇರ್ತಾಳಂತ ಬರದೀರಲ್ಲವ್ವಾ, ಅದಕ್ಕ ಒಂದ್ಸಲ ನೋಡ್ಕೊಂಡು ಹೋಗೋಣಂತ ಬಂದ್ವಿ. ಇನ್ನ ಮ್ಯಾಲೆ ಬರ್ತಿರ್ತೀವಿ' ಅಂದ್ರಂತ. ಮೈ ಮುಟ್ಟಿಲ್ಲ, ಬೈದಿಲ್ಲ. ನಕ್ಕೊಂತ ಮಾತಾಡ್ಯಾರ. ಹಾಳಿ ಅಲ್ಲೇ ಇಟ್ಟು ಹೋಗ್ಯಾರ. ಯಾರ್ಡಿನ ಆಫೀಸಿನಾಗ ಕಂಪ್ಯೂಟರ್ ಐತಂತ. ಊರ ಹೆಸರು ಒತ್ತಿದ್ರ ಬಂತಂತ."

ಊರ ಹೆಸರು ಒತ್ತಿದರೆ ಬರುವಂತೆ ಮಾಡಿದ್ದೇ ನಾನು. ಅರ್ಜಿಗಳನ್ನೆಲ್ಲ ಎಲ್ಲರಿಗೂ ಕಾಣುವಂತೆ ಹಾಕುತ್ತೇವೆ ಎಂದಷ್ಟೇ ಹೇಳಿದೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ಎಲ್ಲರಿಗೂ ಅಂದ್ರ?"

"ಎಲ್ಲರಿಗೂ ರೀ."

"ಹಂಗಂತ ಅವತ್ತ ಹೇಳಬೇಕಿತ್ತಲ್ಲ ತಂಗಿ" ಎಂದಳು. ದನಿ ಏರಿಸಲಿಲ್ಲ. ಶಾಲೆಯಲ್ಲಿ ಒಲೆಯ ಮೇಲೆ ಅನ್ನ ಬಿಟ್ಟು ಬಂದಿದ್ದೇನೆಂದು ಹೊರಟುಹೋದಳು.

ನಾನು ಆ ಹಾಳೆ ಹಿಡಿದುಕೊಂಡು ಮುಖ್ಯಾಧಿಕಾರಿಗಳ ಕೋಣೆಗೆ ಹೋದೆ. ಅವರು ಓದಿದರು. ಮುಖ ಸಣ್ಣದಾಯಿತು. ಹಾಳೆಯನ್ನು ಮಡಿಸುತ್ತ ಹೇಳಿದರು: "ಪಾಪ. ಆದ್ರೆ ಅರ್ಜಿ ಅಂದ್ಮೇಲೆ ಸಾರ್ವಜನಿಕ ದಾಖಲೆ ಅಲ್ವೇನಮ್ಮ? ಒಂದನ್ನ ತೆಗೆದ್ರೆ ನಾಳೆ ಇನ್ನೊಬ್ಬರು ಏನೋ ಮುಚ್ಚಿಡ್ತಿದಾರೆ ಅಂತಾರೆ. ಮೇಲಿನವರಿಗೆ ಬರೆದು ಕೇಳೋಣ."

"ಸರ್, ಆ ಹುಡುಗಿ ಈಗ್ಲೂ ಒಬ್ಳೇ ಇದ್ದಾಳ್ರಿ ಮನ್ಯಾಗ."

"ಬರೆದು ಕೇಳೋಣ ಅಂದ್ನಲ್ಲ. ಪೊಲೀಸ್ ಕಂಪ್ಲೇಂಟ್ ಬೇಕಾದ್ರೆ ಅವರೇ ಕೊಡಲಿ."

ನಾನು ಹೊರಗೆ ಬಂದು ನನ್ನ ಕುರ್ಚಿಯಲ್ಲಿ ಕೂತೆ. ಪುಟ ತಿದ್ದುವ ಪಾಸ್‌ವರ್ಡು ನನ್ನ ಹತ್ತಿರವೇ ಇತ್ತು. ಆ ಅರ್ಜಿಯನ್ನು ತೆಗೆದುಹಾಕಿದೆ. ಆಮೇಲೆ ಪಟ್ಟಿಯನ್ನು ಮೊದಲಿನಿಂದ ಓದತೊಡಗಿದೆ. ಎಲ್ಲವನ್ನೂ ಎರಡೆರಡು ಸಲ ಟೈಪು ಮಾಡಿದವಳು ನಾನು, ಆದರೆ ಓದಿದ್ದು ಅದೇ ಮೊದಲ ಸಲ. ಗಂಡನ ಹೊಡೆತ ತಾಳದೆ ಅಕ್ಕನ ಮನೆಯಲ್ಲಿ ಅಡಗಿದ್ದ ಹೆಂಗಸೊಬ್ಬಳು ರೇಷನ್ ಕಾರ್ಡಿಗೆ ಹೊಸ ವಿಳಾಸ ಕೊಟ್ಟಿದ್ದಳು; ಆ ವಿಳಾಸ ಅಲ್ಲಿತ್ತು. ಗಂಡ ಸತ್ತವಳೊಬ್ಬಳ ಪಾಸ್‌ಬುಕ್ ನಂಬರಿತ್ತು. ಬಳ್ಳಾರಿ ದವಾಖಾನೆಗೆ ತಿಂಗಳಿಗೊಮ್ಮೆ ಯಾವ ಔಷಧಿಗೆ ಹೋಗುತ್ತೇನೆಂದು ಬರೆದುಕೊಟ್ಟಿದ್ದ ಲಾರಿ ಡ್ರೈವರನೊಬ್ಬನ ಹೆಸರಿತ್ತು. ಎಲ್ಲವೂ ಯಾವ ಕಂಪ್ಯೂಟರಿನಲ್ಲಾದರೂ ಚೆನ್ನಾಗಿ ಓದಲು ಬರುತ್ತಿತ್ತು. ಕಚೇರಿ ಮುಚ್ಚುವ ಹೊತ್ತಿಗೆ ಅರ್ಜಿಯ ನಂಬರು ಮತ್ತು ಅದು ಯಾವ ಹಂತದಲ್ಲಿದೆ ಎನ್ನುವುದನ್ನು ಉಳಿಸಿ ಮಿಕ್ಕದ್ದನ್ನೆಲ್ಲ ಅಳಿಸಿಬಿಟ್ಟೆ. ಯಾರನ್ನೂ ಕೇಳಲಿಲ್ಲ.

ಸಂಜೆ ಹೊಸಪೇಟೆಯಲ್ಲಿ ಇಳಿದು ಇಂಟರ್ನೆಟ್ ಸೆಂಟರಿಗೆ ಹೋಗಿ ಹುಡುಕಿ ನೋಡಿದೆ. ಪುಟದಲ್ಲಿ ಇಲ್ಲ, ಸರಿ. ಆದರೆ ಹುಡುಕಿದ ಪಟ್ಟಿಯ ಕೆಳಗೆ ಎರಡು ಸಾಲು ಇನ್ನೂ ಕಾಣುತ್ತಿದ್ದವು. ಮನೆ ನಂಬರು, ಓಣಿ, ಮಗಳಿಗೆ ಟಿಬಿ. ಮಾಲೀಕನನ್ನು ಕರೆದು ತೋರಿಸಿದೆ.

"ಇದು ಹಳೇ ನಕಲು ಮೇಡಂ. ಹುಡುಕಿ ಕೊಡೋ ಕಂಪನಿಯವರು ತಮ್ಮ ಕಡೆ ಇಟ್ಟುಕೊಂಡಿರ್ತಾರ. ಹೋಗ್ತೈತಿ ನಿಧಾನಕ."

"ಎಷ್ಟು ದಿನಕ್ಕರೀ?"

"ಅದನ್ನ ಯಾರಿಗೂ ಹೇಳಾಕ ಬರಂಗಿಲ್ಲ" ಎಂದ. ದಿನಾ ಸಂಜೆ ಹೋಗಿ ನೋಡುತ್ತಿದ್ದೆ. ತಿಂಗಳ ಮೇಲೆ ಆದರೂ ಆ ಎರಡು ಸಾಲು ಇದ್ದವು.

ನನ್ನ ಅಪ್ಪ ಪೋಸ್ಟ್‌ಮ್ಯಾನ್ ಆಗಿ ಕಂಪ್ಲಿ ಸುತ್ತಿನ ಹಳ್ಳಿಗಳಲ್ಲಿ ಸೈಕಲ್ ತುಳಿದು ನಿವೃತ್ತರಾದವರು. ಓದಲು ಬಾರದವರಿಗೆ ಕಾಗದ ಓದಿ ಹೇಳುವುದೂ ಅವರ ಕೆಲಸವೇ ಆಗಿತ್ತು. ಯಾರ ಮನೆಯಲ್ಲಿ ಯಾವ ಗುಟ್ಟಿದೆ ಎಂದು ಅವರಿಗೆ ಗೊತ್ತಿದ್ದಷ್ಟು ಆ ಹಳ್ಳಿಗಳ ದೇವರಿಗೂ ಗೊತ್ತಿರಲಿಲ್ಲ ಎಂದು ಅವ್ವ ತಮಾಷೆ ಮಾಡುತ್ತಿದ್ದಳು. ಮನೆಯಲ್ಲಿ ಒಂದು ದಿನವೂ ಅವರು ಅದನ್ನು ಆಡಿದ್ದಿಲ್ಲ. ಅರ್ಜಿಗಳನ್ನು ಅಳಿಸಿದ ದಿನ ರಾತ್ರಿ ಊಟದ ಎಲೆಯ ಮುಂದೆ ನಾನು ಅಳುತ್ತ ಎಲ್ಲ ಹೇಳಿದೆ. ನಿಯಮ ಹಾಗಿತ್ತು ಅಪ್ಪಾ ಎಂದೂ ಹೇಳಿದೆ.

ಅವರು ಕೈ ತೊಳೆದು ಬಂದು ಕೂತರು. "ಅಕಿ ಹೇಳಿದ್ಲು, ನೀ ಬರಕೊಂಡಿ. ಅದು ಸರಿ. ಹೊರಗ ಹಾಕೋ ಮುಂದ ಒಂದ್ಸಲನೂ ಅಕಿ ಮಾರಿ ನೆಪ್ಪಾಗಲಿಲ್ಲೇನು ನಿನಗ?" ಎಂದರು. ನೆನಪಾಗಿರಲಿಲ್ಲ. ಅದೇ ನಿಜ.

ಆ ಭಾನುವಾರ ಆ ತಾಯಿ ಮಗಳ ಮನೆಗೆ ಹೋದೆ. ತಾಯಿ ನೀರು ತರಲು ಹೋಗಿದ್ದಳು. ಮಗಳು ಬಾಗಿಲ ಒಳಗೆ ಚಾಪೆಯ ಮೇಲೆ ಕೂತಿದ್ದಳು. ತೆಳ್ಳನೆಯ ಹುಡುಗಿ, ಎರಡು ಜಡೆ, ಪಕ್ಕದಲ್ಲಿ ಹೊಲಿಗೆ ಯಂತ್ರ. ಹಿಂಬಾಗಿಲಿನಿಂದ ಅದಿರಿನ ರಾಶಿ ಕಾಣುತ್ತಿತ್ತು. ಯಾರೆಂದು ಹೇಳಿಕೊಂಡೆ.

"ನೀವ ಏನ್ರಿ ಅಕ್ಕಾ ಬರದಾಕಿ?" ಎಂದಳು. ಕುತೂಹಲವಷ್ಟೇ ಇತ್ತು ದನಿಯಲ್ಲಿ. "ಚೊಲೋ ಬರದಿದ್ರಿ. ಅವರು ಓದಬೇಕಾದ್ರ ನಾನೂ ಕೇಳಿದೆ. ನಮ್ಮ ಅವ್ವಗ ಅಷ್ಟು ನೆಟ್ಟಗ ಹೇಳಾಕ ಬರಂಗಿಲ್ಲ."

ಬ್ಲೌಸು ಹೊಲಿಯಲು ಕೊಟ್ಟಿದ್ದವರೆಲ್ಲ ಬಟ್ಟೆ ವಾಪಸು ಒಯ್ದಿದ್ದರು. ನಲ್ಲಿಯಲ್ಲಿ ಇವರ ಕೊಡವನ್ನು ಕಾಲಿನಿಂದ ದೂಡಿ ಬೇರೆ ಇಡುತ್ತಿದ್ದರು. ಪಕ್ಕದ ಮನೆಯ ಫೋನಿಗೆ ಯಾರ್ಯಾರೋ ಫೋನು ಮಾಡಿ ಹುಡುಗಿಯನ್ನು ಕರೆಯಿರಿ ಎನ್ನುತ್ತಿದ್ದರಂತೆ, ಪಕ್ಕದ ಮನೆಯವರೂ ಮಾತು ಬಿಟ್ಟಿದ್ದರು. ಗುಳಿಗೆಯನ್ನು ವಾರಕ್ಕೆ ಮೂರು ಸಲ ಆರೋಗ್ಯ ಕೇಂದ್ರಕ್ಕೆ ಹೋಗಿ ಅವರ ಕಣ್ಣೆದುರೇ ನುಂಗಬೇಕಿತ್ತು. ಅದಕ್ಕೆ ಇಡೀ ಓಣಿ ದಾಟಿ, ಯಾರ್ಡಿನ ಗೇಟಿನ ಮುಂದೆಯೇ ನಡೆಯಬೇಕು.

"ಹೋಗವಲ್ಲೆ ನಾನು. ಗೇಟಿನಾಗ ಕುಂತು ಕೆಮ್ಮಿ ತೋರಿಸ್ತಾರ. ಈಗ ಆರಾಮ ಅದೀನಿ ಬಿಡ್ರಿ, ಜ್ವರ ಇಲ್ಲ" ಎಂದಳು.

"ನಡುವ ಬಿಡಬಾರದವ್ವಾ ಅದನ್ನ" ಎಂದೆ. ಮರುದಿನವೇ ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಕಂಡು ಮನೆಗೇ ಹೋಗಿ ಗುಳಿಗೆ ಕೊಡಲು ಬೇಡಿಕೊಂಡೆ. ಆಕೆ ಒಳ್ಳೆಯವಳು, ಒಪ್ಪಿದಳು. ಎರಡು ಸಲ ಹೋಗಿಯೂ ಬಂದಳು. ಮೂರನೆಯ ಸಲ ಹೋದಾಗ ಮನೆಗೆ ಬೀಗ ಹಾಕಿತ್ತು. ಆ ಗಂಡಸರು ಮತ್ತೆ ಬಂದಿದ್ದರಂತೆ. ತಾಯಿ ಮಗಳು ದರೋಜಿ ಕಡೆ, ತಾಯಿಯ ತಮ್ಮನ ಮನೆಗೆ ಹೊರಟುಹೋಗಿದ್ದರು.

ಹೋಗುವ ಮುಂಚೆ ಆಕೆ ಕಚೇರಿಗೆ ಬಂದು, ನಾನಿಲ್ಲದ ಹೊತ್ತಿನಲ್ಲಿ, ಅರ್ಜಿ ವಾಪಸು ಪಡೆದಿದ್ದೇನೆಂಬ ಕಾಗದಕ್ಕೆ ಸಹಿ ಹಾಕಿದ್ದಳು. ಅರ್ಜಿ ಯಾವ ಹಂತದಲ್ಲಿದೆ ಎಂಬಲ್ಲಿ ನಾನು "ಇತ್ಯರ್ಥವಾಗಿದೆ" ಎಂದು ತುಂಬಬೇಕಾಯಿತು. ಅದಕ್ಕೆ ಬೇರೆ ಪದವೇ ಇರಲಿಲ್ಲ ನಮ್ಮಲ್ಲಿ.

ನಾನು ಅಳಿಸಿದ್ದು ಮುಖ್ಯಾಧಿಕಾರಿಗಳಿಗೆ ತಿಳಿದಾಗ ಕೂಗಾಡಿದರು. ನಾನು ಪಟ್ಟಿಯ ಹಳೆಯ ಪ್ರತಿಯನ್ನು ಅವರ ಮುಂದಿಟ್ಟು, ಅಕ್ಕನ ಮನೆಯಲ್ಲಿ ಅಡಗಿದ್ದ ಆ ಹೆಂಗಸಿನ ಅರ್ಜಿಯನ್ನು ಓದಿ ಎಂದೆ. ಓದಿ ಹಾಳೆಯನ್ನು ಮಗುಚಿಟ್ಟರು. ಮೇಲಿನವರಿಂದ ಉತ್ತರ ಇನ್ನೂ ಬಂದಿರಲಿಲ್ಲ. ಬರದೆಯೂ ಇರಬಹುದು ಎಂದು ಅವರಿಗೂ ಗೊತ್ತಿತ್ತು. ಕೊನೆಗೆ ನಾನು ತಯಾರಿಸಿದ ಹೊಸ ನಮೂನೆಗೆ ಸಹಿ ಹಾಕಿದರು. ಅದರಲ್ಲಿ ಕುಟುಂಬದ ಕಾಲಂ ಇರಲಿಲ್ಲ, ಹೆಸರು ವಿಳಾಸಗಳು ಕಚೇರಿಯ ಕಡತ ಬಿಟ್ಟು ಆಚೆ ಹೋಗುವಂತಿರಲಿಲ್ಲ. ಐದಾರು ತಿಂಗಳಿಗೆ ಅವರಿಗೆ ವರ್ಗವಾಯಿತು. ಹೊಸಬರು ಬಂದು, ಪಟ್ಟಿ ಯಾಕೆ ಖಾಲಿ ಕಾಣುತ್ತದೆ, ಕೆಲಸ ಮಾಡುವುದಿಲ್ಲವೇ ನೀವು ಎಂದು ಕೇಳಿದರು. ಹಳೆಯದನ್ನೇ ಮತ್ತೆ ಏರಿಸಲು ಹೇಳಿದರು. ನಾನು ಆಗುವುದಿಲ್ಲ ಎಂದೆ. ಆ ವರ್ಷದ ಕೊನೆಗೆ ನನ್ನ ಗುತ್ತಿಗೆ ಮುಂದುವರಿಯಲಿಲ್ಲ. ನನ್ನ ಜಾಗಕ್ಕೆ ಬಂದವರು ಏರಿಸಿದರೆಂದು ಕೇಳಿದೆ.

ಇದಾದ ಮೇಲೆ ಒಂದು ಬೇಸಿಗೆಯಲ್ಲಿ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಆಕೆ ಕಂಡಳು. ದರೋಜಿ ಕಡೆಯ ಬಸ್ಸಿಗೆ ಕಾಯುತ್ತ, ಚೀಲವನ್ನು ಮಡಿಲಲ್ಲಿಟ್ಟು ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಕೂದಲು ನೆರೆತಿತ್ತು. ನಾನೇ ಹೋಗಿ ಮಾತಾಡಿಸಿದೆ. ಗುರುತು ಹತ್ತಿತು ಅವಳಿಗೆ.

"ಮಗಳು ಹೆಂಗದಾಳ್ರಿ?"

"ಹೋದ್ಲು ತಂಗಿ. ಶಿವರಾತ್ರಿ ಕಳದು ನಾಕು ದಿನಕ್ಕ." ರಸ್ತೆಯ ಕಡೆ ನೋಡುತ್ತ ಹೇಳಿದಳು. ದರೋಜಿಯಲ್ಲಿ ತಮ್ಮನ ಮನೆಯವರಿಗೆ ಕಾಯಿಲೆಯ ವಿಷಯ ಹೇಳಲು ಅಂಜಿ ಗುಳಿಗೆಯ ಮಾತೇ ಎತ್ತಲಿಲ್ಲವಂತೆ. ಮತ್ತೊಮ್ಮೆ ಬಾಯಿ ಬಿಟ್ಟು ಹೇಳಿ ಮತ್ತೊಂದು ಓಣಿ ಬಿಡುವ ಶಕ್ತಿ ಇರಲಿಲ್ಲ ಎಂದಳು. ಮೂರು ತಿಂಗಳು ಹುಡುಗಿ ಚೆನ್ನಾಗಿಯೇ ಇದ್ದಳು. ಆಮೇಲೆ ಜ್ವರ ಮರಳಿತು. ಬಳ್ಳಾರಿಗೆ ಒಯ್ಯುವಷ್ಟರಲ್ಲಿ ಯಾವ ಗುಳಿಗೆಯೂ ಹತ್ತದ ಹಾಗೆ ಆಗಿತ್ತು.

ನಾನು ಅವಳ ಪಕ್ಕದಲ್ಲಿ ಕೂತೆ. "ನನ್ನ ತಪ್ಪು ರೀ ಅಕ್ಕಾ" ಎಂದೆ. ಎಷ್ಟೋ ದಿನದಿಂದ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತು ಅದು, ಬಾಯಿಂದ ಹೊರಬಿದ್ದಾಗ ಏನೂ ಹಗುರಾಗಲಿಲ್ಲ.

"ಬರಿ ಅಂದಾಕಿ ನಾನ ಅಲ್ಲೇನು. ಎಲ್ಲಾ ಬರಿ ಅಂತ ನಾನ ಅಂದೆ. ಬಾಯಿ ಮುಚ್ಚಿಕೊಂಡು ಧೂಳು ತಿಂದಿದ್ರ ಇನ್ನೊಂದೀಟು ದಿನ ಬದುಕ್ತಿದ್ಲು."

"ಇಲ್ರಿ. ನೀವು ಹೇಳಿದ್ದು ಸಾಹೇಬ್ರಿಗೆ. ಊರಿಗೆ ಹೇಳಿದಾಕಿ ನಾನು."

ಅವಳು ನನ್ನ ಕೈಯ ಮೇಲೆ ತನ್ನ ಕೈ ಇಟ್ಟು ಸ್ವಲ್ಪ ಹೊತ್ತು ಕೂತಿದ್ದಳು. ಒರಟಾದ, ಬಿಸಿಯಾದ ಕೈ. ಬಸ್ಸು ಬಂದು ನಿಂತಿತು. ಚೀಲ ಎತ್ತಿಕೊಟ್ಟೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು ಅವಳಿಗೆ, ಆದರೆ ಹೊರಗೆ ನೋಡಲಿಲ್ಲ. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದ. ಅವಳು ಅರ್ಧ ಎದ್ದು ಅವನ ಕಿವಿಯ ಹತ್ತಿರ, ಬೇರೆ ಯಾರಿಗೂ ಕೇಳಿಸದ ಹಾಗೆ, ತನ್ನ ಊರಿನ ಹೆಸರು ಹೇಳಿದಳು.